ಗಡ್ಡೆಗೆ ರಕ್ತ ಹರಿಸಬೇಕೆ, ತಡೆಯಬೇಕೆ? ರಕ್ತನಾಳ ಸಂಕೋಚಕಗಳಲ್ಲಿ ಯಾವುದನ್ನು ಆರಿಸುವುದು

ಸಂಕೋಚಕ ಕೊಟ್ಟರೆ ನಾಳ ಕಿರಿದಾಗುತ್ತದೆ, ನಾಳ ಕಿರಿದಾದರೆ ಗಡ್ಡೆಗೆ (ಟ್ಯೂಮರ್‌ಗೆ) ರಕ್ತ ಕಡಿಮೆಯಾಗುತ್ತದೆ. ಹೀಗೆ ಲೆಕ್ಕ ಹಾಕಿಕೊಂಡು ಕೂತವರಿಗೆ ಆಂಜಿಯೋಟೆನ್ಸಿನ್ ಎಂಬ ಸಂಕೋಚಕದ ಡ್ರಿಪ್ ಶುರುವಾದ ಮೇಲೆ ಗಡ್ಡೆಯ ಹರಿವು ಏರುವುದು ಕಂಡರೆ ಮಾಪಕ ಕೆಟ್ಟಿದೆ ಅನ್ನಿಸುತ್ತದೆ. ಮಾಪಕ ಸರಿಯಾಗಿಯೇ ಇರುತ್ತದೆ. ಅದೇ ಔಷಧಿಯ ಡೋಸ್ ಇನ್ನಷ್ಟು ಏರಿಸಿದರೆ, ಅಥವಾ ಗಡ್ಡೆಗೆ ಹೋಗುವ ಅಪಧಮನಿಯೊಳಕ್ಕೇ ನೇರ ಬಿಟ್ಟರೆ, ಹರಿವು ಇಳಿಯಲೂಬಹುದು. ಹಾಗಾಗಿ ಯಾವ ಸಂಕೋಚಕ ಒಳ್ಳೆಯದು ಎಂದು ಕೇಳುವ ಮುಂಚೆ ಇನ್ನೊಂದನ್ನು ಕೇಳಿಕೊಳ್ಳಬೇಕು: ನಿಮಗೆ ಬೇಕಾದದ್ದು ಗಡ್ಡೆಯೊಳಗೆ ಹೋಗುವ ರಕ್ತದ ಪ್ರಮಾಣವೋ, ಪಕ್ಕದ ಒಳ್ಳೆಯ ಅಂಗಾಂಶಕ್ಕೆ ಹೋಲಿಸಿದರೆ ಗಡ್ಡೆಗೆ ಸಿಗುವ ಪಾಲೋ, ಇಲ್ಲ ಕೊಯ್ಯುವಾಗ ರಕ್ತ ಸುರಿಯದಿರುವುದೋ?

ಗಡ್ಡೆಯ ರಕ್ತಹರಿವಿನ ಮೇಲೆ ಪ್ರಯೋಗ ಮಾಡುವ ವಿದ್ಯಾರ್ಥಿಗಳು, ಕ್ಯಾಥೆಟರ್ ಮೂಲಕ ಚಿಕಿತ್ಸೆ ಕೊಡುವ ರೇಡಿಯಾಲಜಿಯವರು, ಗಡ್ಡೆ ತೆಗೆಯುವ ಸರ್ಜನ್‌ಗಳು, ಮೂವರೂ ಇದೇ ಔಷಧಿಗಳ ಮುಂದೆ ನಿಂತು ಗೊಂದಲಪಡುತ್ತಾರೆ. ಮೂವರ ಗುರಿಯೂ ಬೇರೆ ಬೇರೆ.

ಕಾಲುವೆಯ ಕೊನೆಯ ಗದ್ದೆ

ಸಂಕೋಚಕ ಕೆಲಸ ಮಾಡಬೇಕಾದರೆ ನಾಳದ ಗೋಡೆಯಲ್ಲಿ ಸ್ನಾಯು ಇರಬೇಕು, ಸ್ನಾಯುವಿನ ಮೇಲೆ ಆ ಔಷಧಿಗೆ ಸ್ಪಂದಿಸುವ ರಿಸೆಪ್ಟರ್ ಇರಬೇಕು. ಗಡ್ಡೆ ಅವಸರದಲ್ಲಿ ಕಟ್ಟಿಕೊಂಡ ನಾಳಗಳಲ್ಲಿ ಸ್ನಾಯುಪದರ ಇರುವುದಿಲ್ಲ, ಇದ್ದರೂ ಅಲ್ಲೊಂದು ಇಲ್ಲೊಂದು ತೇಪೆ. ನರಗಳ ಸಂಪರ್ಕವೂ ಬಹುಮಟ್ಟಿಗೆ ಇಲ್ಲ. ಹದಿಹರೆಯದ ಹುಡುಗರ ಮೂಗಿನ ಹಿಂಭಾಗದಲ್ಲಿ ಬೆಳೆಯುವ, ರಕ್ತನಾಳ ತುಂಬಿದ ಆಂಜಿಯೋಫೈಬ್ರೋಮಾ ಗಡ್ಡೆ ಇದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ. ಅದರ ನಾಳಗಳಿಗೆ ಸ್ನಾಯುಕವಚವಿಲ್ಲ. ಗಾಯವಾದರೆ ಸಂಕೋಚಿಸಿ ಮುಚ್ಚಿಕೊಳ್ಳಲು ಬರುವುದಿಲ್ಲ. ಮೂಗಿಗೆ ಆಕ್ಸಿಮೆಟಾಜೋಲಿನ್ ಎಂಬ ಸಂಕೋಚಕದಲ್ಲಿ ನೆನೆಸಿದ ಹತ್ತಿ ಇಟ್ಟರೆ ಸುತ್ತಲಿನ ಒಳಪೊರೆ ಬಿಳಿಚಿಕೊಳ್ಳುತ್ತದೆ, ಗಡ್ಡೆ ಮಾತ್ರ ಹಾಗೇ ಕೆಂಪಗೆ ಕೂತಿರುತ್ತದೆ. ಆಪರೇಷನ್‌ಗೆ 24ರಿಂದ 72 ಗಂಟೆ ಮುಂಚೆ ಅದಕ್ಕೆ ರಕ್ತ ಕೊಡುವ ಮ್ಯಾಕ್ಸಿಲರಿ ಅಪಧಮನಿಯ ಕವಲುಗಳನ್ನು ಎಂಬೊಲೈಸೇಷನ್ ಮಾಡಿ, ಅಂದರೆ ಕ್ಯಾಥೆಟರ್ ಮೂಲಕ ಕಣ ತುಂಬಿ, ಮುಚ್ಚುವುದು ಇದೇ ಕಾರಣಕ್ಕೆ.

ಆದರೆ ಗಡ್ಡೆಗೆ ರಕ್ತ ತಂದುಕೊಡುವ ಅಪಧಮನಿ ಗಡ್ಡೆಯ ಸ್ವಂತದ್ದಲ್ಲ, ದೇಹದ್ದು. ಅದಕ್ಕೆ ಸ್ನಾಯು ಇದೆ, ಅದು ಸಂಕೋಚಿಸುತ್ತದೆ. ನೀರಾವರಿ ಕಾಲುವೆಯ ಕೊನೆಯ ಗದ್ದೆಯನ್ನು ನೆನೆಸಿಕೊಳ್ಳಿ. ಮೇಲಿನ ಗದ್ದೆಗಳ ತೂಬು ಅರ್ಧ ಮುಚ್ಚಿದರೆ ಕೊನೆಯವನಿಗೆ ನೀರು ಹೆಚ್ಚಾಗುತ್ತದೆ. ಕಾಲುವೆಯ ಮುಖ್ಯ ಗೇಟನ್ನೇ ಇಳಿಸಿದರೆ ಅವನ ಗದ್ದೆ ಮೊದಲು ಒಣಗುತ್ತದೆ. ಸಂಕೋಚಕ ಈ ಎರಡನ್ನೂ ಒಟ್ಟಿಗೇ ಮಾಡುತ್ತದೆ. ಯಾವುದು ಮೇಲುಗೈ ಎಂಬುದು ಡೋಸ್, ಕೊಡುವ ಜಾಗ, ಅಕ್ಕಪಕ್ಕದ ಅಂಗಾಂಶ ಇವುಗಳ ಮೇಲೆ ನಿಂತಿದೆ.

ಒಂದು ಸರಳ ಲೆಕ್ಕ ಮಾಡೋಣ. ಪೂರೈಕೆ ಅಪಧಮನಿಯ ಪ್ರತಿರೋಧ 10, ಪಕ್ಕದ ಆರೋಗ್ಯವಂತ ಅಂಗಾಂಶದ್ದು 10, ಗಡ್ಡೆಯದ್ದು 50 ಎಂದಿಟ್ಟುಕೊಳ್ಳಿ. ಕೊನೆಯ ಎರಡೂ ಒಂದೇ ಅಪಧಮನಿಯ ಸಮಾಂತರ ಕವಲುಗಳು. ಸರಾಸರಿ ರಕ್ತದೊತ್ತಡ 100 ಇದ್ದಾಗ ಗಡ್ಡೆಯ ಹರಿವು 0.91 ಬರುತ್ತದೆ. ಈಗ ಸಂಕೋಚಕವನ್ನು ಸಿರೆಗೆ ಡ್ರಿಪ್ ಮೂಲಕ ಕೊಟ್ಟು ಒತ್ತಡವನ್ನು 150ಕ್ಕೆ ಏರಿಸಿದಿರಿ, ಆರೋಗ್ಯವಂತ ಕವಲಿನ ಪ್ರತಿರೋಧ 20 ಆಯಿತು, ಪೂರೈಕೆ ಅಪಧಮನಿ ಕದಲಲಿಲ್ಲ, ಗಡ್ಡೆಯಂತೂ ಕದಲುವುದೇ ಇಲ್ಲ. ಗಡ್ಡೆಯ ಹರಿವು 1.76, ಹತ್ತಿರಹತ್ತಿರ ಎರಡು ಪಟ್ಟು. ಪೂರೈಕೆ ಅಪಧಮನಿಯೂ 20ಕ್ಕೆ ಏರಿದರೆ 1.25ಕ್ಕೆ ನಿಲ್ಲುತ್ತದೆ. ಅದು 40 ಆದರೆ 0.79: ಶುರುವಿಗಿಂತ ಕಡಿಮೆ.

ಅದೇ ಔಷಧಿಯನ್ನು ಸ್ವಲ್ಪವೇ ಪ್ರಮಾಣದಲ್ಲಿ ನೇರ ಅಪಧಮನಿಗೆ ಕೊಟ್ಟರೆ ದೇಹದ ಒತ್ತಡ 100ರಲ್ಲೇ ಉಳಿಯುತ್ತದೆ. ಪೂರೈಕೆ ಅಪಧಮನಿ 30, ಆರೋಗ್ಯವಂತ ಕವಲು 20 ಆಯಿತು ಎನ್ನಿ. ಗಡ್ಡೆಯ ಹರಿವು 0.65ಕ್ಕೆ ಇಳಿಯಿತು. ಆದರೆ ಅಲ್ಲಿ ಹರಿಯುವ ರಕ್ತದಲ್ಲಿ ಗಡ್ಡೆಯ ಪಾಲು ಶೇ. 17ರಿಂದ ಶೇ. 29ಕ್ಕೆ ಏರಿತು. ಹರಿವು ಇಳಿಯಿತು, ಪಾಲು ಏರಿತು! 'ಗಡ್ಡೆಯ ಹರಿವು ಹೆಚ್ಚಾಯಿತು' ಎಂದು ಬರೆದ ಎಷ್ಟೋ ಕಡೆ ನಿಜವಾಗಿ ಹೆಚ್ಚಾದದ್ದು ಪಾಲು ಮಾತ್ರ. ಗಡ್ಡೆಯಲ್ಲಿ ಸಿಕ್ಕಿಕೊಳ್ಳುವ ಚಿಕಿತ್ಸೆಯ ಕಣಗಳನ್ನು ಬಿಡುವವರಿಗೆ ಪಾಲು ಸಾಕು, ಕರಗಿದ ಔಷಧಿ ತಲುಪಿಸುವವರಿಗೆ ಅದು ಸಾಲದು. ಆಯ್ಕೆ ಹೊರಳುವುದು ಇಲ್ಲೇ.

ಏನನ್ನು ನೋಡಿ ಆರಿಸಬೇಕು

ಮೊದಲನೆಯದು ಮೇಲೆ ಹೇಳಿದ್ದೇ: ಹರಿವೋ, ಪಾಲೋ, ರಕ್ತಸ್ರಾವವೋ. ಎರಡನೆಯದು, ಔಷಧಿ ಎಷ್ಟು ಬೇಗ ಹತ್ತಿ ಎಷ್ಟು ಬೇಗ ಇಳಿಯುತ್ತದೆ. ಪಂಪ್ ನಿಲ್ಲಿಸಿದ ಎರಡು ನಿಮಿಷಕ್ಕೆ ಒತ್ತಡ ಇಳಿಯುವ ಔಷಧಿಯ ಮೇಲೆ ಹಿಡಿತ ಇರುತ್ತದೆ, ಇಪ್ಪತ್ತನಾಲ್ಕು ಗಂಟೆ ಕೂತುಬಿಡುವುದರ ಮೇಲೆ ಇರುವುದಿಲ್ಲ. ಮೂರನೆಯದು ಗಡ್ಡೆ ಕೂತಿರುವ ಅಂಗ. ಯಕೃತ್ತಿನ ಗಡ್ಡೆಗಳಿಗೆ ರಕ್ತ ಬರುವುದು ಬಹುಪಾಲು ಹೆಪಾಟಿಕ್ ಅಪಧಮನಿಯಿಂದ. ಆರೋಗ್ಯವಂತ ಯಕೃತ್ತಿಗೆ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುವ ಪೋರ್ಟಲ್ ಸಿರೆಯಿಂದ. ಆದ್ದರಿಂದ ಅಪಧಮನಿ ಸ್ವಲ್ಪ ಹೊತ್ತು ಬಿಗಿದುಕೊಂಡರೂ ಯಕೃತ್ತು ತಡೆದುಕೊಳ್ಳುತ್ತದೆ. ಮೂತ್ರಪಿಂಡಕ್ಕೆ ಅಂಥ ಎರಡನೇ ದಾರಿ ಇಲ್ಲ. ಮಿದುಳು ತನ್ನ ಹರಿವನ್ನು ತಾನೇ ಹತೋಟಿಯಲ್ಲಿ ಇಟ್ಟುಕೊಳ್ಳುತ್ತದೆ, ಆದರೆ ಅಲ್ಲಿಗೆ ಹರಡಿದ ಗಡ್ಡೆಗೆ ಆ ಶಕ್ತಿ ಇಲ್ಲ. ಒತ್ತಡ ಏರಿಸಿದರೆ ಗಡ್ಡೆಯೊಳಗೇ ರಕ್ತಸ್ರಾವವಾಗುವ ಅಪಾಯ.

ಸುರಕ್ಷತೆ ಮತ್ತು ಬೆಲೆ ಕೊನೆಯ ಎರಡು. ಅವನ್ನು ಒಂದೊಂದು ಔಷಧಿಯ ಜೊತೆಗೇ ನೋಡುವುದು ವಾಸಿ.

ಆಂಜಿಯೋಟೆನ್ಸಿನ್ 2

ಗಡ್ಡೆಯ ಹರಿವು ಏರಿಸುವ ವಿಚಾರದಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಇದೇ. ಜಪಾನಿನ ಸೆಂಡಾಯ್‌ನಲ್ಲಿ ಸುಜುಕಿ, ಹೋರಿ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಇಲಿಗಳಿಗೆ ಇದನ್ನು ಡ್ರಿಪ್ ಮೂಲಕ ಕೊಟ್ಟು ಸರಾಸರಿ ಒತ್ತಡವನ್ನು ಸುಮಾರು 100ರಿಂದ 150 ಮಿ.ಮೀ. ಪಾದರಸಕ್ಕೆ ಏರಿಸಿದರು. ಎಎಚ್109ಎ ಎಂಬ ಗಡ್ಡೆಯಲ್ಲಿ ಹರಿವು 5.7 ಪಟ್ಟಾಯಿತು. ಮೇಲಿನ ಲೆಕ್ಕದಲ್ಲಿ ಎರಡು ಪಟ್ಟೂ ದಾಟಲಿಲ್ಲವಲ್ಲ, ಇಷ್ಟೊಂದು ಎಲ್ಲಿಂದ ಬಂತು? ಗಡ್ಡೆಯೊಳಗಿನ ನಾಳಗಳಲ್ಲಿ ಎಷ್ಟೋ ಸುತ್ತಲಿನ ಒತ್ತಡಕ್ಕೆ ಚಪ್ಪಟೆಯಾಗಿ ಮುಚ್ಚಿರುತ್ತವೆ. ರಕ್ತದ ಒತ್ತಡ ಏರಿದಾಗ ಅವು ತೆರೆದುಕೊಳ್ಳುತ್ತವೆ. ಅಂದರೆ ಗಡ್ಡೆಯ ಪ್ರತಿರೋಧವೇ ಇಳಿಯುತ್ತದೆ. ಮುಚ್ಚಿದ ನಾಳಗಳು ಕಡಿಮೆ ಇರುವ ಗಡ್ಡೆಯಲ್ಲಿ ಈ ಲಾಭವೂ ಅಷ್ಟಕ್ಕಷ್ಟೇ. ಹೀಗಾಗಿ 5.7 ಎಂಬುದು ಆ ಗಡ್ಡೆಯ ಅಂಕಿ. ನಿಮ್ಮ ಗಡ್ಡೆಯಿಂದಲೂ ಅಷ್ಟನ್ನೇ ನಿರೀಕ್ಷಿಸಬೇಡಿ.

ಕುಮಾಮೊಟೊದ ಹಿರೋಶಿ ಮಾಯೆದಾ ಇದೇ ದಾರಿಯನ್ನು ದೊಡ್ಡ ಅಣುಗಳ ಔಷಧಿಗೆ ಬಳಸಿದರು. ಸೋರುವ ನಾಳಗಳಿಂದ ದೊಡ್ಡ ಅಣು ಗಡ್ಡೆಯೊಳಗೆ ಜಾರಿ ಅಲ್ಲೇ ಉಳಿಯುತ್ತದೆ ಎಂಬುದನ್ನು ಅವರು ಮತ್ತು ಮತ್ಸುಮುರಾ 1986ರಲ್ಲಿ ತೋರಿಸಿದ್ದರು. ಒತ್ತಡ ಏರಿಸಿ ಹಿಡಿದಾಗ ಆ ಜಾರುವಿಕೆ ಹೆಚ್ಚುತ್ತದೆ ಎಂಬ ಆಧಾರದ ಮೇಲೆ ಸ್ಮ್ಯಾಂಕ್ಸ್ ಎಂಬ ಔಷಧಿಯನ್ನು ಆಂಜಿಯೋಟೆನ್ಸಿನ್ ಜೊತೆ ರೋಗಿಗಳಿಗೂ ಕೊಟ್ಟರು. ಇಲ್ಲಿ ಒಂದು ತೊಡಕಿದೆ. ಗಡ್ಡೆಯ ನಾಳಗಳು ಸೋರುವುದರಿಂದ ನಾಳದೊಳಗಿನ ಒತ್ತಡ ಏರಿದ ಸ್ವಲ್ಪ ಹೊತ್ತಿಗೇ ಹೊರಗಿನ ದ್ರವದ ಒತ್ತಡವೂ ಏರಿ ಸರಿಸಮವಾಗುತ್ತದೆ. ಆಮೇಲೆ ತಳ್ಳುವ ಬಲ ಉಳಿಯುವುದಿಲ್ಲ. ದೊಡ್ಡ ಅಣುಗಳಿಗೆ ಒಂದೇ ಸಮ ಏರಿಸಿಟ್ಟ ಒತ್ತಡಕ್ಕಿಂತ ಏರಿಸಿ ಇಳಿಸಿ ಏರಿಸುವ ಕ್ರಮ ಹೆಚ್ಚು ಅರ್ಥಪೂರ್ಣ. ಚಿಕ್ಕ ಅಣುಗಳ ಕೀಮೋ ಔಷಧಿಗೆ ಈ ತಲೆನೋವಿಲ್ಲ. ಅವು ಹರಿವಿನ ಜೊತೆ ಬಂದು ತಾವಾಗಿ ಹರಡುತ್ತವೆ.

ರಕ್ತದಲ್ಲಿ ಇದರ ಅರ್ಧಾಯು ಒಂದು ನಿಮಿಷಕ್ಕಿಂತ ಕಡಿಮೆ. ಇದೇ ಇದರ ದೊಡ್ಡ ಗುಣ. 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದು ಗಡ್ಡೆಗಲ್ಲ, ಸೋಂಕಿನಿಂದ ರಕ್ತದೊತ್ತಡ ಕುಸಿಯುವ ಸೆಪ್ಟಿಕ್ ಶಾಕ್‌ಗೆ: ಶುರುವಿಗೆ ಕೆ.ಜಿ.ಗೆ ನಿಮಿಷಕ್ಕೆ 20 ನ್ಯಾನೋಗ್ರಾಂ, ಐದು ನಿಮಿಷಕ್ಕೊಮ್ಮೆ ಹೆಚ್ಚೆಂದರೆ 15ರಷ್ಟು ಏರಿಸುತ್ತ ಹೋಗಬಹುದು, ಮೊದಲ ಮೂರು ಗಂಟೆಯಲ್ಲಿ 80 ದಾಟಬಾರದು. 2.5 ಮಿ.ಗ್ರಾಂ ಅನ್ನು 500 ಮಿ.ಲೀ. ಸಲೈನ್‌ಗೆ ಹಾಕಿದರೆ ಮಿ.ಲೀ.ಗೆ 5000 ನ್ಯಾನೋಗ್ರಾಂ, 60 ಕೆ.ಜಿ. ತೂಕದವರಿಗೆ 20 ನ್ಯಾನೋಗ್ರಾಂ ದರ ಎಂದರೆ ಗಂಟೆಗೆ 14.4 ಮಿ.ಲೀ. ಆದರೆ ಶಾಕ್‌ನಲ್ಲಿ ಬಿದ್ದ ಒತ್ತಡವನ್ನು 65ಕ್ಕೆ ತರುವುದೇ ಬೇರೆ, ಸರಿಯಾಗಿರುವ ಒತ್ತಡವನ್ನು 150ಕ್ಕೆ ಒಯ್ಯುವುದೇ ಬೇರೆ. ಈ ಅಂಕಿಗಳನ್ನು ಗಡ್ಡೆಯ ಪ್ರಯೋಗಕ್ಕೆ ಹಾಗೇ ಎತ್ತಿ ಹಾಕಬಾರದು. ರಕ್ತ ಹೆಪ್ಪುಗಟ್ಟುವ ಅಪಾಯದ ಎಚ್ಚರಿಕೆ ಇದರ ಲೇಬಲ್ಲಿನಲ್ಲೇ ಇದೆ, ಕ್ಯಾನ್ಸರ್ ರೋಗಿಗಳಲ್ಲಿ ಆ ಅಪಾಯ ಮೊದಲೇ ಹೆಚ್ಚು.

ದುಬಾರಿ. ಲ್ಯಾಬ್ ಪ್ರಯೋಗಕ್ಕೆ ಸಿಗುವ ಪುಡಿ ಕೈಗೆಟಕುವ ಬೆಲೆಯದ್ದಾದರೂ ಮನುಷ್ಯರಿಗೆ ಕೊಡುವಂಥದ್ದಲ್ಲ. ಒಂದು ಕಾಲದಲ್ಲಿ ಹೈಪರ್‌ಟೆನ್ಸಿನ್ ಹೆಸರಲ್ಲಿ ಮಾರುತ್ತಿದ್ದ ಆಂಜಿಯೋಟೆನ್ಸಿನಮೈಡ್ ಈಗ ಅಂಗಡಿಯಲ್ಲಿಲ್ಲ. ಹಳೆಯ ಪ್ರಬಂಧಗಳ ಡೋಸ್ ನೋಡುವಾಗ ಅವರು ಬಳಸಿದ್ದು ಯಾವುದು ಎಂದು ಖಚಿತಪಡಿಸಿಕೊಳ್ಳಿ.

ನೇರ ಹೆಪಾಟಿಕ್ ಅಪಧಮನಿಗೆ ಕೊಡುವ ಕ್ರಮವೂ ಇದೆ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ರೂಸ್ ಗ್ರೇ ಮತ್ತು ಸಂಗಡಿಗರು ವಿಕಿರಣ ಸೂಸುವ ಇಟ್ರಿಯಂ-90 ಮಣಿಗಳನ್ನು ಯಕೃತ್ತಿನ ಗಡ್ಡೆಗೆ ಕಳಿಸುವ ಮುಂಚೆ ಆಂಜಿಯೋಟೆನ್ಸಿನ್ ಬಿಟ್ಟು, ಮಣಿಗಳು ಒಳ್ಳೆಯ ಯಕೃತ್ತನ್ನು ಬಿಟ್ಟು ಗಡ್ಡೆಯತ್ತ ಹೋಗುವಂತೆ ಮಾಡಿದರು. ಇದು ಪಾಲಿನ ಆಟ. ಮಣಿ ಒಮ್ಮೆ ಸಿಕ್ಕಿಕೊಂಡರೆ ಮುಗಿಯಿತು, ಆಮೇಲೆ ಹರಿವು ಎಷ್ಟಿದ್ದರೇನು. ಅಪಾಯ ಇರುವುದು ಹಿಮ್ಮುಖ ಹರಿವಿನಲ್ಲಿ: ಮುಂದಿನ ನಾಳಗಳು ಬಿಗಿದುಕೊಂಡಾಗ ಜೋರಾಗಿ ತಳ್ಳಿದರೆ ಮಣಿಗಳು ಕ್ಯಾಥೆಟರ್‌ನಿಂದ ಹಿಂದಕ್ಕೆ ಹೊರಳಿ ಹೊಟ್ಟೆ, ಡ್ಯುವೊಡಿನಮ್ (ಸಣ್ಣ ಕರುಳಿನ ಮೊದಲ ಭಾಗ) ಕಡೆಯ ಕವಲಿಗೆ ಹೋಗಿ ಹುಣ್ಣು ಮಾಡುತ್ತವೆ. ಈಗ ಕ್ಯಾಥೆಟರ್‌ಗಳೇ ಇಷ್ಟು ತೆಳುವಾಗಿವೆ, ಗಡ್ಡೆಯ ಕವಲಿನವರೆಗೆ ಹೋಗಿ ನಿಲ್ಲಬಹುದು. ಹಾಗಾಗಿ ದಿನನಿತ್ಯದ ಚಿಕಿತ್ಸೆಯಲ್ಲಿ ಈ ಕ್ರಮ ಹಿಂದೆ ಸರಿದಿದೆ.

ನಾರ್‌ಅಡ್ರಿನಾಲಿನ್ ಮತ್ತು ಫೀನೈಲೆಫ್ರಿನ್

ಆಂಜಿಯೋಟೆನ್ಸಿನ್‌ಗೆ ಬದಲು ಇವು ಸಾಕಲ್ಲವೆ? ಬೆಲೆ ನೋಡಿದರೆ ಹೌದು, ಐಸಿಯು ಇರುವ ಯಾವ ಆಸ್ಪತ್ರೆಯಲ್ಲೂ ಸಿಗುತ್ತವೆ. ಫಲಿತಾಂಶ ಮಾತ್ರ ಅಷ್ಟು ನಂಬಿಕೆಗೆ ಬರುವುದಿಲ್ಲ. ಪೂರೈಕೆ ಅಪಧಮನಿಗಳಲ್ಲಿ ಈ ಔಷಧಿಗಳು ಹಿಡಿಯುವ ಆಲ್ಫಾ ರಿಸೆಪ್ಟರ್‌ಗಳು ಧಾರಾಳ. ಹೀಗಾಗಿ ಮೇಲಿನ ಲೆಕ್ಕದ 'ಮುಖ್ಯ ಗೇಟು' ಬೇಗ ಇಳಿಯುತ್ತದೆ. ಪ್ರಾಣಿಗಳ ಗಡ್ಡೆಗಳಲ್ಲಿ ನಾರ್‌ಅಡ್ರಿನಾಲಿನ್ ಕೆಲವೆಡೆ ಹರಿವು ಏರಿಸಿದೆ, ಕೆಲವೆಡೆ ಇಳಿಸಿದೆ. ಗಡ್ಡೆಯ ಜಾತಿ, ನೆಟ್ಟ ಜಾಗ ಬದಲಾದರೆ ಉತ್ತರವೂ ಬದಲು. ಬಳಸಲೇಬೇಕೆಂದಿದ್ದರೆ ಮೂರು ಡೋಸ್‌ಗಳಲ್ಲಾದರೂ ಅಳೆದು, ಹರಿವು ತಿರುಗಿ ಇಳಿಯಲು ಶುರುವಾಗುವ ಜಾಗ ಕಂಡುಕೊಂಡು, ಅದಕ್ಕಿಂತ ಕೆಳಗೆ ನಿಲ್ಲಿ.

ನಾರ್‌ಅಡ್ರಿನಾಲಿನ್‌ನಲ್ಲಿ ಪದೇ ಪದೇ ಆಗುವ ತಪ್ಪು ಉಪ್ಪಿನದ್ದು. 2 ಮಿ.ಗ್ರಾಂ ಬೈಟಾರ್ಟರೇಟ್ ಎಂದರೆ 1 ಮಿ.ಗ್ರಾಂ ನಾರ್‌ಅಡ್ರಿನಾಲಿನ್. ಆಂಪೂಲ್ ಮೇಲೆ ಬರೆದಿರುವುದು ಯಾವುದರ ತೂಕ ಎಂದು ನೋಡದೆ ಲೆಕ್ಕ ಹಾಕಿದರೆ ಡೋಸ್ ಸರಿಯಾಗಿ ಅರ್ಧ ಅಥವಾ ಎರಡು ಪಟ್ಟಾಗುತ್ತದೆ. ನಿಜವಾದ 4 ಮಿ.ಗ್ರಾಂ ಅನ್ನು 50 ಮಿ.ಲೀ. ಶೇ. 5 ಡೆಕ್ಸ್‌ಟ್ರೋಸ್‌ನಲ್ಲಿ ಹಾಕಿದರೆ ಮಿ.ಲೀ.ಗೆ 80 ಮೈಕ್ರೋಗ್ರಾಂ, 60 ಕೆ.ಜಿ.ಯವರಿಗೆ ಕೆ.ಜಿ.ಗೆ ನಿಮಿಷಕ್ಕೆ 0.1 ಮೈಕ್ರೋಗ್ರಾಂ ಕೊಡಲು ಗಂಟೆಗೆ 4.5 ಮಿ.ಲೀ. ಕೈಯ ಸಣ್ಣ ಸಿರೆಯಲ್ಲಿ ಓಡಿಸಿ ಹೊರಗೆ ಸೋರಿದರೆ ಚರ್ಮ ಕಪ್ಪಾಗಿ ಸಾಯುತ್ತದೆ. ಫೆಂಟೋಲಮೈನ್ 5ರಿಂದ 10 ಮಿ.ಗ್ರಾಂ ಅನ್ನು 10 ಮಿ.ಲೀ. ಸಲೈನ್‌ನಲ್ಲಿ ಬೆರೆಸಿ ಸುತ್ತ ಚುಚ್ಚಲು ಸಿದ್ಧವಾಗಿಟ್ಟುಕೊಂಡೇ ಶುರು ಮಾಡಿ.

ಫೀನೈಲೆಫ್ರಿನ್ ಬರೀ ಆಲ್ಫಾ-1 ಮೇಲೆ ಕೆಲಸ ಮಾಡುತ್ತದೆ. ವಿಜ್ಞಾನದ ದೃಷ್ಟಿಯಿಂದ ಸ್ವಚ್ಛ, ಯಾವ ರಿಸೆಪ್ಟರ್‌ನಿಂದ ಏನಾಯಿತು ಎಂದು ಹೇಳಬಹುದು. ಆದರೆ ಒತ್ತಡ ಏರಿದ ಕೂಡಲೇ ನಾಡಿ ಇಳಿಯುತ್ತದೆ, ಹೃದಯ ತಳ್ಳುವ ರಕ್ತ ಕಡಿಮೆಯಾಗುತ್ತದೆ, ಗಡ್ಡೆಗೆ ಬರಬೇಕಾದ ಲಾಭ ಅರ್ಧ ಅಲ್ಲೇ ಸೋರಿಹೋಗುತ್ತದೆ. 10 ಮಿ.ಗ್ರಾಂ ಆಂಪೂಲನ್ನು 100 ಮಿ.ಲೀ.ಗೆ ಬೆರೆಸಿದರೆ ಮಿ.ಲೀ.ಗೆ 100 ಮೈಕ್ರೋಗ್ರಾಂ, ಅರಿವಳಿಕೆಯವರು ಒಮ್ಮೆಗೆ ಕೊಡುವುದು ಅದರ ಅರ್ಧದಿಂದ ಒಂದು ಮಿ.ಲೀ. ಬೆರೆಸದೆ ಒಂದು ಮಿ.ಲೀ. ಹೋದರೆ ನೂರು ಪಟ್ಟು!

ಅಡ್ರಿನಾಲಿನ್: ಚಿತ್ರಕ್ಕೆ, ಚುಚ್ಚುಮದ್ದಿಗೆ

ಗಡ್ಡೆಯ ನಾಳಗಳು ಬೇರೆ ರೀತಿ ವರ್ತಿಸುತ್ತವೆ ಎಂದು ಮನುಷ್ಯರಲ್ಲಿ ಕಣ್ಣಾರೆ ತೋರಿಸಿದ್ದು ಇದೇ. ಅಮೆರಿಕದ ಹರ್ಬರ್ಟ್ ಏಬ್ರಮ್ಸ್ 1964ರಲ್ಲಿ ಮೂತ್ರಪಿಂಡದ ಅಪಧಮನಿಗೆ ಅಡ್ರಿನಾಲಿನ್ ಬಿಟ್ಟು ಆಂಜಿಯೋಗ್ರಾಂ ತೆಗೆದರು: ಒಳ್ಳೆಯ ಕವಲುಗಳು ಎಲೆ ಉದುರಿದ ಮರದಂತೆ ಬರಿದಾದವು, ಗಡ್ಡೆಯ ನಾಳಗಳು ಮಾತ್ರ ತುಂಬಿಕೊಂಡು ಎದ್ದು ಕಂಡವು. 1 ಮಿ.ಗ್ರಾಂ ಆಂಪೂಲನ್ನು 100 ಮಿ.ಲೀ.ಗೆ ಬೆರೆಸಿ ಅದರಲ್ಲಿ 0.5ರಿಂದ 1 ಮಿ.ಲೀ., ಅಂದರೆ 5ರಿಂದ 10 ಮೈಕ್ರೋಗ್ರಾಂ, ಬಿಟ್ಟ ಬೆನ್ನಿಗೇ ಬಣ್ಣದ ದ್ರವ ಬಿಡಬೇಕು. ತಡವಾದರೆ ಪರಿಣಾಮ ಇಳಿದಿರುತ್ತದೆ. ಸಿಟಿ, ಎಂಆರ್‌ಐ ಬಂದ ಮೇಲೆ ಚಿತ್ರಕ್ಕಾಗಿ ಇದರ ಅಗತ್ಯ ಹೆಚ್ಚುಕಡಿಮೆ ಮುಗಿದಿದೆ. ಇನ್ನೂ ಮಾಡುವವರು ಅಡ್ರಿನಲ್ ಗ್ರಂಥಿಯ ಗಡ್ಡೆ ಇರುವ ರೋಗಿಯಲ್ಲಿ ಮೊದಲು ಮೆಟಾನೆಫ್ರಿನ್ (ಅಡ್ರಿನಾಲಿನ್ ಒಡೆದು ಬರುವ ವಸ್ತು) ಪರೀಕ್ಷೆ ಮಾಡಿಸಿ. ಅಡ್ರಿನಾಲಿನ್ ಸುರಿಸುವ ಫಿಯೋಕ್ರೋಮೋಸೈಟೋಮಾ ಆಗಿದ್ದರೆ ಗಡ್ಡೆಯೇ ಸಂಕೋಚಕದ ಕಾರ್ಖಾನೆ.

ಬಾಯಿ, ಕತ್ತಿನ ಆಪರೇಷನ್‌ಗಳಲ್ಲಿ ಚರ್ಮದ ಕೆಳಗೆ ಚುಚ್ಚುವುದು 2 ಲಕ್ಷಕ್ಕೆ 1ರ ದ್ರಾವಣ, ಮಿ.ಲೀ.ಗೆ 5 ಮೈಕ್ರೋಗ್ರಾಂ. ಚುಚ್ಚಿ ಕನಿಷ್ಠ ಏಳೆಂಟು ನಿಮಿಷ ಕಾಯಬೇಕು. ಚುಚ್ಚಿದ ಕೂಡಲೇ ಕತ್ತಿ ಹಿಡಿದವರೇ 'ಇದು ಕೆಲಸ ಮಾಡುವುದಿಲ್ಲ' ಎನ್ನುವುದು. ನೆನಪಿರಲಿ, ಇದು ಗಡ್ಡೆಗೆ ಹೋಗುವ ದಾರಿಯ ರಕ್ತಸ್ರಾವ ತಡೆಯುತ್ತದೆ. ಗಡ್ಡೆಯನ್ನೇ ಕೊಯ್ದರೆ ಅದರ ನಾಳಗಳು ಸುರಿಯುತ್ತಲೇ ಇರುತ್ತವೆ.

ವ್ಯಾಸೊಪ್ರೆಸಿನ್

ರಕ್ತಸ್ರಾವವೇ ಚಿಂತೆಯಾದವರಿಗೆ, ಅದರಲ್ಲೂ ಗರ್ಭಕೋಶದ ಫೈಬ್ರಾಯ್ಡ್ ತೆಗೆಯುವವರಿಗೆ, ನನ್ನ ಮತ ಇದಕ್ಕೇ. ಫೈಬ್ರಾಯ್ಡ್ ಸುತ್ತ ಗರ್ಭಕೋಶದ ಸ್ನಾಯು ಇದೆ, ಸ್ನಾಯುವಿನಲ್ಲಿ ವ್ಯಾಸೊಪ್ರೆಸಿನ್‌ಗೆ ಸ್ಪಂದಿಸುವ ವಿ1ಎ ರಿಸೆಪ್ಟರ್ ಇದೆ, ಔಷಧಿಗೆ ಹಿಡಿಯಲು ಬೇಕಾದದ್ದೆಲ್ಲ ಅಲ್ಲಿದೆ. 20 ಯೂನಿಟ್ ಆಂಪೂಲನ್ನು 100 ಮಿ.ಲೀ. ಸಲೈನ್‌ಗೆ ಬೆರೆಸಿ, ಫೈಬ್ರಾಯ್ಡ್ ಮತ್ತು ಗೋಡೆಯ ನಡುವಿನ ಪದರಕ್ಕೆ ಚುಚ್ಚುತ್ತಾರೆ. ಸೂಜಿ ಸರಿಯಾದ ಪದರದಲ್ಲಿದ್ದರೆ ದ್ರವ ಸರಾಗ ಹೋಗುತ್ತದೆ, ಮೇಲ್ಮೈ ಕಣ್ಣೆದುರೇ ಬಿಳಿಚಿಕೊಳ್ಳುತ್ತದೆ. ತಳ್ಳಲು ಬಲ ಬೇಕಾಯಿತೆಂದರೆ ಫೈಬ್ರಾಯ್ಡ್ ಒಳಗೇ ಸೂಜಿ ಕೂತಿದೆ, ಅಲ್ಲಿ ಹಾಕಿದ್ದು ವ್ಯರ್ಥ. ಪ್ರತಿ ಸಲ ಸಿರಿಂಜ್ ಹಿಂದಕ್ಕೆ ಎಳೆದು ರಕ್ತ ಬರುವುದಿಲ್ಲ ಎಂದು ಖಚಿತಪಡಿಸಿಕೊಂಡೇ ತಳ್ಳಬೇಕು. ನಾಳದೊಳಕ್ಕೆ ಹೋದರೆ ನಾಡಿ ಇಳಿದು ಹೃದಯ ನಿಂತ ಪ್ರಕರಣಗಳಿವೆ. 20 ಮಿ.ಲೀ. ಎಂದರೆ 4 ಯೂನಿಟ್. ಚುಚ್ಚುವ ಮುಂಚೆ ಅರಿವಳಿಕೆಯವರಿಗೆ ಬಾಯಿಬಿಟ್ಟು ಹೇಳಿ. ಗೊತ್ತಿಲ್ಲದಿದ್ದರೆ ಅವರು ಏರಿದ ಒತ್ತಡಕ್ಕೋ ಇಳಿದ ನಾಡಿಗೋ ತಪ್ಪು ಔಷಧಿ ಕೊಡುತ್ತಾರೆ. ಹಲವು ಬ್ರ್ಯಾಂಡ್‌ಗಳು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕಾದವು. ಟ್ರಾಲಿಯ ಮೇಲೆ ವಾರಗಟ್ಟಲೆ ಬಿದ್ದಿದ್ದ ಆಂಪೂಲ್‌ನಿಂದ ಬಿಳಿಚಿಕೊಳ್ಳುವಿಕೆ ನಿರೀಕ್ಷಿಸಬೇಡಿ.

ಇದರ ಪರಿಣಾಮ ಇಳಿಯುವ ಹೊತ್ತಿಗೆ ಹೊಲಿಗೆ ಮುಗಿದಿರುತ್ತದೆ, ಅದೂ ಒಂದು ತೊಂದರೆಯೇ. ಆಗ ಕಾಣದ ನಾಳ ಆಮೇಲೆ ಸೋರುತ್ತದೆ. ಹೊಟ್ಟೆ ಮುಚ್ಚುವ ಮುಂಚೆ ಕೆಲ ನಿಮಿಷ ಕಾದು ಮತ್ತೊಮ್ಮೆ ನೋಡುವುದು ಕ್ಷೇಮ.

ಗಡ್ಡೆಗೆ ಹರಿವು ಏರಿಸಲು ಇದನ್ನು ಡ್ರಿಪ್ ಮೂಲಕ ಕೊಡುವುದು? ಬೇಡ. ಕರುಳಿನ ನಾಳಗಳನ್ನು ಬಿಗಿದು ಪೋರ್ಟಲ್ ಹರಿವು ಇಳಿಸುತ್ತದೆ, ಆಗ ಹೆಪಾಟಿಕ್ ಅಪಧಮನಿ ಕೊರತೆ ತುಂಬಲು ಹಿಗ್ಗಲು ನೋಡುತ್ತದೆ. ಯಕೃತ್ತಿನ ಗಡ್ಡೆಯಲ್ಲಿ ಕಂಡ ಬದಲಾವಣೆ ಯಾವುದರಿಂದ ಬಂತು ಎಂದು ಬಿಡಿಸಿ ಹೇಳುವುದೇ ಕಷ್ಟ.

ಲ್ಯಾಬ್‌ಗೆ ಮಾತ್ರ

ಎಲ್-ನೇಮ್ ಮತ್ತು ಎಲ್-ಎನ್‌ಎನ್‌ಎ ಎಂಬ ಔಷಧಿಗಳು ನಾಳವನ್ನು ನೇರ ಬಿಗಿಯುವುದಿಲ್ಲ. ಅದನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡ್ ತಯಾರಾಗದಂತೆ ತಡೆಯುತ್ತವೆ. ಇಂಗ್ಲೆಂಡಿನ ಮೌಂಟ್ ವರ್ನನ್‌ನಲ್ಲಿ ರೋಗಿಗಳಿಗೆ ಒಂದೇ ಡೋಸ್ ಎಲ್-ಎನ್‌ಎನ್‌ಎ ಕೊಟ್ಟು ಮಾಡಿದ, 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗಡ್ಡೆಯ ರಕ್ತದ ಪ್ರಮಾಣ ಒಂದು ಗಂಟೆಗೇ ಇಳಿದು, 24 ಗಂಟೆಯ ನಂತರವೂ ಇಳಿದೇ ಇತ್ತು. ಹರಿವು ನಿಜವಾಗಿ ಇಳಿಸಬೇಕೆನ್ನುವ ಸಂಶೋಧಕರಿಗೆ ಇದು ಅಗ್ಗದ, ನೆಚ್ಚಬಹುದಾದ ಆಯ್ಕೆ. ಆದರೆ ಕೊಟ್ಟ ಮೇಲೆ ಹಿಂದಕ್ಕೆ ತೆಗೆಯಲಾಗದು. ಇದೇ ಗುಂಪಿನ ಎಲ್-ಎನ್‌ಎಂಎಂಎಯನ್ನು ಸೆಪ್ಟಿಕ್ ಶಾಕ್‌ನಲ್ಲಿ ಪರೀಕ್ಷಿಸಿದ ದೊಡ್ಡ ಪ್ರಯೋಗ ಸಾವು ಹೆಚ್ಚಾದ್ದರಿಂದ ಅರ್ಧಕ್ಕೇ ನಿಂತಿತು. ನಾಳದ ಒಳಪದರವೇ ತಯಾರಿಸುವ ಸಂಕೋಚಕ ಎಂಡೋಥೆಲಿನ್-1 ಮೊದಲು ಒತ್ತಡ ಇಳಿಸಿ ಆಮೇಲೆ ಬಹಳ ಹೊತ್ತು ಏರಿಸುತ್ತದೆ. ರಿಸೆಪ್ಟರ್ ಅಧ್ಯಯನ ಮಾಡುವವರನ್ನು ಬಿಟ್ಟು ಬೇರೆಯವರು ಮುಟ್ಟುವುದು ಬೇಡ.

ಅಳತೆಯಲ್ಲಿ ಎಡವುವ ಜಾಗಗಳು

ಔಷಧಿ ಸರಿಯಾಗಿ ಆರಿಸಿಯೂ ಅಳತೆ ತಪ್ಪಿದರೆ ಉತ್ತರ ಉಲ್ಟಾ ಬರುತ್ತದೆ. ಬೆಳಕಿನಿಂದ ಹರಿವು ಅಳೆಯುವ ಲೇಸರ್ ಡಾಪ್ಲರ್ ನೋಡುವುದು ಸುಮಾರು ಒಂದು ಮಿ.ಮೀ. ಆಳ. ಪ್ರೋಬನ್ನು ಗಡ್ಡೆಯ ಮೇಲಿನ ಚರ್ಮಕ್ಕೆ ಇಟ್ಟರೆ ಅದು ಅಳೆಯುವುದು ಚರ್ಮವನ್ನು. ಸಂಕೋಚಕಕ್ಕೆ ಚರ್ಮ ಬಿಗಿದುಕೊಳ್ಳುತ್ತದೆ, ನೀವು ಗಡ್ಡೆಯ ಹರಿವು ಇಳಿಯಿತು ಎಂದು ಬರೆದುಕೊಳ್ಳುತ್ತೀರಿ. ಚರ್ಮ ಬಿಡಿಸಿ ಗಡ್ಡೆಯ ಮೇಲೇ ಇಡಿ, ಅಥವಾ ಸೂಜಿಯಂಥ ಪ್ರೋಬ್ ಒಳಗಿಡಿ. ಮಿ.ಲೀ. ಲೆಕ್ಕದ ನಿಜವಾದ ಹರಿವು ಬೇಕಾದರೆ ಹೈಡ್ರೋಜನ್ ಅಥವಾ ಜೆನಾನ್ ಕ್ಲಿಯರೆನ್ಸ್ (ಅನಿಲ ಎಷ್ಟು ಬೇಗ ರಕ್ತದೊಡನೆ ತೊಳೆದುಹೋಗುತ್ತದೆ ಎಂಬ ಅಳತೆ), ಮನುಷ್ಯರಲ್ಲಿ ಆಮ್ಲಜನಕ-15 ನೀರಿನ ಪೆಟ್ ಸ್ಕ್ಯಾನ್. ಕಾಂಟ್ರಾಸ್ಟ್ ಎಂಆರ್‌ಐಯ ಕೆ-ಟ್ರಾನ್ಸ್ ಹರಿವು ಮತ್ತು ಸೋರಿಕೆ ಎರಡನ್ನೂ ಬೆರೆಸಿ ಕೊಡುತ್ತದೆ. ಸಂಕೋಚಕ ಎರಡನ್ನೂ ಬದಲಿಸುವುದರಿಂದ ಇಲ್ಲಿ ಅದನ್ನು ಒಂಟಿಯಾಗಿ ನಂಬಬಾರದು.

ಇಲಿಯ ಒತ್ತಡವನ್ನು ಬಾಲದ ಪಟ್ಟಿಯಿಂದ ಅಳೆಯಬೇಡಿ. ಬಾಲದ ಅಪಧಮನಿ ಬಿಗಿದಾಗ ಅದು ತಪ್ಪು ಹೇಳುತ್ತದೆ. ಕತ್ತಿನ ಕ್ಯಾರೊಟಿಡ್ ಅಥವಾ ತೊಡೆಯ ಫೆಮೊರಲ್ ಅಪಧಮನಿಯಲ್ಲಿ ಕ್ಯಾಥೆಟರ್ ಬೇಕು. ಅರಿವಳಿಕೆಯಲ್ಲಿ ಒತ್ತಡ 60ಕ್ಕೆ ಬಿದ್ದ ಸುಂಡಿಲಿಯಲ್ಲಿ ಅದನ್ನು 90ಕ್ಕೆ ತಂದರೆ ನೀವು ಮಾಡಿದ್ದು ಬಿದ್ದದ್ದನ್ನು ಎತ್ತಿದ್ದು ಅಷ್ಟೆ. ಮೈ 37 ಡಿಗ್ರಿಯಲ್ಲಿರಲಿ. 25 ಗ್ರಾಂ ಸುಂಡಿಲಿಯ ಒಟ್ಟು ರಕ್ತವೇ ಸುಮಾರು 2 ಮಿ.ಲೀ.; ಅದಕ್ಕೆ ಅರ್ಧ ಮಿ.ಲೀ. ದ್ರವ ಒಮ್ಮೆಗೆ ಬಿಟ್ಟರೆ ಒತ್ತಡ ಏರಿಸಿದ್ದು ಔಷಧಿಯೋ ನೀರೋ ಗೊತ್ತಾಗುವುದಿಲ್ಲ. ಬರೀ ಸಲೈನ್ ಗುಂಪು ಇಲ್ಲದ ಪ್ರಯೋಗವನ್ನು ಶುರು ಮಾಡಲೇಬೇಡಿ.

ಯಾರಿಗೆ ಯಾವುದು

ಕರಗಿದ ಕೀಮೋ ಔಷಧಿ ಗಡ್ಡೆಗೆ ಹೆಚ್ಚು ತಲುಪಬೇಕು, ಹಣವೂ ಇದೆ, ನೈತಿಕ ಸಮಿತಿಯ ಒಪ್ಪಿಗೆಯೂ ಇದೆ ಎಂದರೆ ಆಂಜಿಯೋಟೆನ್ಸಿನ್, ಡ್ರಿಪ್ ಮೂಲಕ, ಅಪಧಮನಿಯ ಒತ್ತಡ ಕ್ಷಣಕ್ಷಣ ನೋಡುತ್ತ. ಮಿದುಳಿಗೆ ಹರಡಿದವರು, ಹೃದಯದ ನಾಳದ ರೋಗ ಇರುವವರು, ಅನ್ಯೂರಿಸಂ (ಅಪಧಮನಿಯ ಗೋಡೆ ಉಬ್ಬಿರುವುದು) ಇರುವವರು, ಕೆಮ್ಮಿದಾಗ ರಕ್ತ ಬರುವವರು, ಹೊಸ ನಾಳ ಬೆಳೆಯದಂತೆ ತಡೆಯುವ ಕ್ಯಾನ್ಸರ್ ಔಷಧಿ ಬೆವಾಸಿಜುಮಾಬ್‌ನಿಂದ ಈಗಾಗಲೇ ಒತ್ತಡ ಏರಿದವರು ಇದರಿಂದ ಹೊರಗೆ. ಜಪಾನಿನ ಸಣ್ಣ ಅಧ್ಯಯನಗಳ ಆಶಾಭಾವದ ನಂತರವೂ ಇದು ಎಲ್ಲೂ ಸಾಮಾನ್ಯ ಚಿಕಿತ್ಸೆ ಆಗಿಲ್ಲ. ಪ್ರಯೋಗದ ಚೌಕಟ್ಟಿನ ಹೊರಗೆ ಮಾಡುವಂಥದ್ದಲ್ಲ. ಹಣ ಕಡಿಮೆ ಇರುವ ಪ್ರಾಣಿ ಪ್ರಯೋಗಾಲಯವೂ ಲ್ಯಾಬ್ ದರ್ಜೆಯ ಆಂಜಿಯೋಟೆನ್ಸಿನ್ ಕೊಳ್ಳುವುದೇ ಮೇಲು, ಫೀನೈಲೆಫ್ರಿನ್ ಅನ್ನು ಹೋಲಿಕೆಗೆ ಇಟ್ಟುಕೊಳ್ಳಲಿ. ಗಡ್ಡೆಯನ್ನು ಬಿಸಿಯಿಂದ ಸುಡುವ ಚಿಕಿತ್ಸೆಯಲ್ಲಿ ಹರಿಯುವ ರಕ್ತ ಬಿಸಿಯನ್ನು ಒಯ್ಯದಿರಲಿ ಎಂದು ಹರಿವು ಇಳಿಸಬೇಕಾದವರು ಔಷಧಿಗಿಂತ ಬಲೂನ್ ಅಥವಾ ಎಂಬೊಲೈಸೇಷನ್ ಕಡೆ ನೋಡಲಿ, ಅದು ನೆಚ್ಚಿಕೆಯದ್ದು.

'ಸಂಕೋಚಕ ಕೊಟ್ಟು ಗಡ್ಡೆಯನ್ನು ಉಪವಾಸ ಕೆಡವಬಹುದಲ್ಲ' ಎಂದು ರೋಗಿಗಳ ಮನೆಯವರು ಕೇಳುವುದುಂಟು. ಆಗುವುದಿಲ್ಲ. ಶೀತದ ಮಾತ್ರೆಯಲ್ಲಿರುವ ಫೀನೈಲೆಫ್ರಿನ್, ಸ್ಯೂಡೋಎಫೆಡ್ರಿನ್ ಗಡ್ಡೆಯ ಸ್ನಾಯುವಿಲ್ಲದ ನಾಳವನ್ನು ಮುಚ್ಚುವುದಿಲ್ಲ, ಒತ್ತಡ ಮಾತ್ರ ಏರಿಸಬಹುದು. ಸ್ವಲ್ಪ ರಕ್ತ ಕಡಿಮೆಯಾದರೂ ಆಮ್ಲಜನಕ ಸಿಗದ ಗಡ್ಡೆ ಹೊಸ ನಾಳಗಳನ್ನು ಕರೆಸಿಕೊಳ್ಳಲು ಹೊರಡುತ್ತದೆ. ಎಳೆಮಕ್ಕಳ ಹೀಮಾಂಜಿಯೋಮಾ (ರಕ್ತನಾಳಗಳದ್ದೇ ಗಡ್ಡೆ) ಇಲ್ಲಿ ಅಪವಾದ: ನಾಳ ಬಿಗಿಯುವ ಗುಣವೂ ಇರುವ ಪ್ರೊಪ್ರನೊಲಾಲ್ ಕೊಟ್ಟ ಒಂದೆರಡು ದಿನದಲ್ಲೇ ಅದು ಮಸುಕಾಗಿ ಮೆತ್ತಗಾಗುತ್ತದೆ. ಬೋರ್ಡೋ ನಗರದ ವೈದ್ಯರು 2008ರಲ್ಲಿ ಹೇಳಿದ ಮೇಲೆ ಜಗತ್ತಿನಾದ್ಯಂತ ಬಳಕೆಗೆ ಬಂತು. ಅದನ್ನೂ ಮಗುವಿಗೆ ಹಾಲು ಕುಡಿಸಿದ ಮೇಲೆಯೇ ಕೊಡಬೇಕು, ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಇಳಿದುಬಿಡುತ್ತದೆ.

ಗಡ್ಡೆಯ ಆಪರೇಷನ್‌ಗೆ ಹೋಗುವವರು ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ಹಿಂದಿನ ದಿನವೇ ಅರಿವಳಿಕೆ ವೈದ್ಯರ ಕೈಗೆ ಕೊಡಿ. ಪ್ರೊಪ್ರನೊಲಾಲ್‌ನಂಥ ಬೀಟಾ ಬ್ಲಾಕರ್ ಇರುವಾಗ ಚುಚ್ಚಿದ ಅಡ್ರಿನಾಲಿನ್ ಒತ್ತಡವನ್ನು ಜೋರಾಗಿ ಏರಿಸಿ ನಾಡಿಯನ್ನು ಇಳಿಸುತ್ತದೆ. ಖಿನ್ನತೆಗೆ ಅಮಿಟ್ರಿಪ್ಟಿಲಿನ್ ತೆಗೆದುಕೊಳ್ಳುವವರಲ್ಲಿ ಸ್ವಲ್ಪ ಅಡ್ರಿನಾಲಿನ್ ಕೂಡ ಹೆಚ್ಚು ಕೆಲಸ ಮಾಡುತ್ತದೆ. ಗೊತ್ತಿದ್ದರೆ ಅವರು ಡೋಸ್ ಇಳಿಸುತ್ತಾರೆ, ಇಲ್ಲವೆ ಬೇರೆ ಔಷಧಿ ಆರಿಸುತ್ತಾರೆ.